ಮೀನಿನ ರಕ್ತದಲ್ಲಿ ಹೊಳೆಯ ಆರೋಗ್ಯ

ಚಿಕ್ಕಮಗಳೂರು: ಕಾಫಿ ಹಣ್ಣಿನ ಕೊಯ್ಲು ಬಿರುಸಾಗುವ ಡಿಸೆಂಬರ್, ಜನವರಿ ತಿಂಗಳುಗಳಲ್ಲೇ ಮಲೆನಾಡಿನ ಹೊಳೆ, ಹಳ್ಳಗಳ ಹರಿವು ಕ್ಷೀಣಿಸತೊಡಗುತ್ತದೆ. ಮೂಡಿಗೆರೆ, ಕಳಸ, ಕೊಪ್ಪ, ಬಾಳೆಹೊನ್ನೂರು ಭಾಗದ ತೋಟಗಳಲ್ಲಿ ಪಲ್ಪರ್ ಯಂತ್ರಗಳು ಓಡುವುದೂ ಇದೇ ಅವಧಿಯಲ್ಲಿ. ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಅಂಟು ತೊಳೆದ ನೀರು ಸಂಸ್ಕರಣೆಯಾಗದೆ ಹಳ್ಳ ಸೇರಿದರೆ ಕೆಳಗಿನ ಮಡುವಿನಲ್ಲಿ ಮೀನುಗಳು ಸತ್ತು ತೇಲುತ್ತವೆ. ಆನಂತರ ದೂರು, ಸ್ಥಳ ಪರಿಶೀಲನೆ, ನೀರಿನ ಮಾದರಿ ಸಂಗ್ರಹ. ಅಷ್ಟು ಹೊತ್ತಿಗೆ ಕೆಟ್ಟ ನೀರು ಎಷ್ಟೋ ದೂರ ಹರಿದು ಹೋಗಿರುತ್ತದೆ. ಬಾಟಲಿಯಲ್ಲಿ ಸಿಗುವುದು ಅದರ ಹಿಂದೆ ಬಂದ ನೀರು.

ನೀರು ಹರಿದು ಹೋದರೂ ಬದುಕುಳಿದ ಮೀನು ಅಲ್ಲೇ ಇರುತ್ತದೆ. ಹಲವು ದಿನ, ಕೆಲವೊಮ್ಮೆ ಹಲವು ವಾರ ಆ ನೀರಿನಲ್ಲಿ ಉಸಿರಾಡಿದ್ದರ ಗುರುತು ಅದರ ರಕ್ತಕಣಗಳಲ್ಲಿ ಉಳಿದಿರುತ್ತದೆ. ಮೀನು ಸಾಯುವ ಹಂತಕ್ಕೆ ಬರುವ ಮುನ್ನವೇ, ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಗುರುತನ್ನು ಓದಬಹುದು. ಹಾಗೆ ಓದಬೇಕಾದರೆ ಮೀನಿನ ರಕ್ತದಲ್ಲಿ ಯಾವ ಯಾವ ಕಣಗಳಿವೆ, ಅವು ಮನುಷ್ಯನ ರಕ್ತಕಣಗಳಿಗಿಂತ ಹೇಗೆ ಭಿನ್ನ ಎಂಬುದು ಮೊದಲು ಗೊತ್ತಿರಬೇಕು.

ಕೇಂದ್ರ ಉಳಿಸಿಕೊಂಡ ಕೆಂಪು ಕಣ

ಮೀನಿನ ದೇಹದಲ್ಲಿ ರಕ್ತ ಕಡಿಮೆ. ಮನುಷ್ಯನ ದೇಹತೂಕದಲ್ಲಿ ರಕ್ತದ ಪಾಲು ಶೇ 7ರಿಂದ 8ರಷ್ಟಿದ್ದರೆ, ಮೂಳೆಯುಳ್ಳ ಮೀನುಗಳಲ್ಲಿ ಅದು ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಮಾತ್ರ. ಅಂದರೆ 100 ಗ್ರಾಂ ತೂಕದ ಗೆಂಡೆ ಮೀನಿನಲ್ಲಿ ಒಂದು ಚಿಕ್ಕ ಚಮಚದಷ್ಟು ರಕ್ತವಿದ್ದರೆ ಹೆಚ್ಚು.

ಈ ರಕ್ತದಲ್ಲಿ ಸಂಖ್ಯೆಯಿಂದ ಮೇಲುಗೈ ಸಾಧಿಸಿರುವುದು ಕೆಂಪು ರಕ್ತಕಣಗಳೇ. ಮನುಷ್ಯನ ಕೆಂಪು ಕಣ ದುಂಡಗೆ, ನಡುವೆ ತಗ್ಗಾದ ಬಿಲ್ಲೆಯಂತಿದ್ದು 7ರಿಂದ 8 ಮೈಕ್ರಾನ್ ಅಗಲವಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೀನಿನದು ಮೊಟ್ಟೆಯಾಕಾರದ, ಸುಮಾರು 10ರಿಂದ 15 ಮೈಕ್ರಾನ್ ಉದ್ದದ ಕಣ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಒಳಗಿದೆ. ಮನುಷ್ಯನೂ ಸೇರಿದಂತೆ ಸಸ್ತನಿಗಳ ಕೆಂಪು ಕಣ ಬಲಿಯುವ ಹೊತ್ತಿಗೆ ತನ್ನ ಕೋಶಕೇಂದ್ರವನ್ನು ಹೊರಹಾಕಿ ಬಿಡುತ್ತದೆ. ಮೀನಿನ ಕಣ ಅದನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಹಕ್ಕಿ, ಹಾವು, ಕಪ್ಪೆಗಳ ಕೆಂಪು ಕಣಗಳೂ ಹೀಗೆಯೇ. ಈ ವಿಷಯದಲ್ಲಿ ಅಪವಾದವೆನಿಸಿರುವುದು ಸಸ್ತನಿಗಳೇ ಹೊರತು ಮೀನಲ್ಲ. ಡಚ್ಚರ ಲೇವನ್‌ಹುಕ್ ತಾನೇ ತಯಾರಿಸಿಕೊಂಡ ಮಸೂರದಲ್ಲಿ ಸಾಲ್ಮನ್ ಮೀನಿನ ರಕ್ತವನ್ನು ನೋಡಿ ಅದರ ಕಣಗಳ ನಡುವಿನ ಚುಕ್ಕೆಯನ್ನು ಚಿತ್ರಿಸಿದ್ದ. ಕೋಶಕೇಂದ್ರದ ಅತಿ ಹಳೆಯ ಚಿತ್ರಗಳಲ್ಲಿ ಅದೂ ಒಂದು.

ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ತುಂಬಿಕೊಂಡಿರುವ ಈ ಕಣಗಳ ಸಂಖ್ಯೆ ಮೀನಿನ ಜೀವನಕ್ರಮವನ್ನು ಅವಲಂಬಿಸಿದೆ. ಆರೋಗ್ಯವಂತ ಗಂಡಸಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 45ರಿಂದ 55 ಲಕ್ಷ ಕೆಂಪು ಕಣಗಳಿದ್ದರೆ, ಕಟ್ಲ, ರೋಹು, ಗೆಂಡೆಗಳಂತಹ ಮೀನುಗಳಲ್ಲಿ ಅದು ಸುಮಾರು 10ರಿಂದ 20 ಲಕ್ಷ. ಸದಾ ಈಜುವ ಚುರುಕಿನ ಮೀನುಗಳಲ್ಲೂ, ಗದ್ದೆ, ಕೆರೆಗಳ ಕೆಸರಿನಲ್ಲಿ ಗಾಳಿಯನ್ನೇ ನುಂಗಿ ಬದುಕಬಲ್ಲ ಕೊರವ, ಚೇಳು ಮೀನುಗಳಲ್ಲೂ ಇನ್ನಷ್ಟು ಹೆಚ್ಚು. ಶಾರ್ಕ್‌ಗಳಲ್ಲಿ ಕಣಗಳು ದೊಡ್ಡವು, ಸಂಖ್ಯೆ ಕಡಿಮೆ. ಕೊನೆಗೆ, ಹಿಮೋಗ್ಲೋಬಿನ್ನೇ ಇಲ್ಲದ ಮೀನೂ ಉಂಟು. ಅಂಟಾರ್ಕ್ಟಿಕಾದ ಹಿಮಮೀನಿನ ರಕ್ತ ನೀರಿನಂತೆ ಬಣ್ಣವಿಲ್ಲದ್ದು. ನಾರ್ವೆಯ ವಿಜ್ಞಾನಿ ಯೋಹಾನ್ ರೂಡ್ 1954ರಲ್ಲಿ ಇದನ್ನು ವರದಿ ಮಾಡಿದರು. ಕಡು ತಣ್ಣನೆಯ ಆ ಸಮುದ್ರದ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುವುದರಿಂದ ಅದರ ಬದುಕು ಸಾಗುತ್ತದೆ. ಬೇಸಿಗೆಯ ಹೇಮಾವತಿಯಲ್ಲಿ ಅಂಥ ಮೀನು ಒಂದು ದಿನವೂ ಉಳಿಯಲಾರದು.

ಕೋಶಕೇಂದ್ರ ಇರುವುದರಿಂದ ಮೀನಿನ ಕೆಂಪು ಕಣ ಬರೀ ಆಮ್ಲಜನಕದ ಹಮಾಲಿಯಾಗಿ ಉಳಿದಿಲ್ಲ. ವೈರಾಣು ದಾಳಿಯಾದಾಗ ಈ ಕಣಗಳೂ ಪ್ರತಿರೋಧದ ಪ್ರೋಟೀನುಗಳನ್ನು ತಯಾರಿಸಬಲ್ಲವು ಎಂಬುದು 2010ರ ನಂತರದ ಸಂಶೋಧನೆಗಳಿಂದ ಟ್ರೌಟ್ ಹಾಗೂ ಸಾಲ್ಮನ್ ಮೀನುಗಳಲ್ಲಿ ಖಚಿತವಾಗಿದೆ.

ಕಾರೆಕಾಯಿ ಮಾಡುವ ಕೆಲಸ

ರಕ್ತಕಣಗಳ ವಿಷಯ ಪ್ರಯೋಗಾಲಯಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬೇಕಿಲ್ಲ. ಕಾರೆಕಾಯಿಯನ್ನು ಜಜ್ಜಿ ನಿಂತ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಕಾರೆಕಾಯಿಯಲ್ಲಿ, ಬಟ್ಟೆ ಒಗೆಯಲು ಬಳಸುವ ಅಂಟುವಾಳದಲ್ಲಿ ಇರುವುದು ಸಪೋನಿನ್ ಎಂಬ ನೊರೆಗಟ್ಟುವ ವಸ್ತು. ಅದು ಕಿವಿರುಗಳ ಮೂಲಕ ನೇರವಾಗಿ ರಕ್ತ ಸೇರಿ, ಕೆಂಪು ಕಣದ ಹೊರಪೊರೆಯಲ್ಲಿರುವ ಕೊಬ್ಬಿನಂಶಕ್ಕೆ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ. ಕಣ ಒಡೆದು ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ. ಕಿವಿರು ಕೂಡ ಹಾಳಾಗುತ್ತದೆ. ಸುತ್ತ ನೀರಿದ್ದೂ ಮೀನು ಉಸಿರುಗಟ್ಟಿ ಮೇಲಕ್ಕೆ ಬರುತ್ತದೆ. ಅಂಥ ಮೀನನ್ನು ಬೇಯಿಸಿ ತಿಂದವರಿಗೆ ಸಾಮಾನ್ಯವಾಗಿ ಏನೂ ಆಗದಿರುವುದಕ್ಕೆ ಕಾರಣ, ಸಪೋನಿನ್ ಮನುಷ್ಯನ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಕಾಯಿಯ ಜಾಗಕ್ಕೆ ಈಗ ಕೀಟನಾಶಕ, ಬ್ಲೀಚಿಂಗ್ ಪುಡಿ, ಸಿಡಿಮದ್ದು ಬಂದಿರುವುದು ಬೇರೆ ಮಾತು. ವಿಷ ಅಥವಾ ಸ್ಫೋಟಕ ಬಳಸಿ ಮೀನು ಹಿಡಿಯುವುದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ನಿಷೇಧಿಸಿದೆ. ಮೂಡಿಗೆರೆ ಘಟ್ಟದ ಕೆಳಗಿನ ಶಿಶಿಲದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳು ವಿಷಪ್ರಾಶನದಿಂದ ಸಾಮೂಹಿಕವಾಗಿ ಸತ್ತದ್ದೂ ಅದೇ 1996ರಲ್ಲಿ.

ಹೆಪ್ಪುಗಟ್ಟಿಸುವವು, ಕಾವಲು ಕಾಯುವವು

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಮನುಷ್ಯನಲ್ಲಿ ನೆರವಾಗುವ ಪ್ಲೇಟ್‌ಲೆಟ್‌ಗಳು ಪೂರ್ಣ ಕೋಶಗಳಲ್ಲ, ದೊಡ್ಡ ಕೋಶವೊಂದರ ಚೂರುಗಳು. ಡೆಂಗಿ ಜ್ವರದ ದೆಸೆಯಿಂದ ಈ ಹೆಸರು ಈಗ ಮನೆಮಾತಾಗಿದೆ. ಮೀನಿನಲ್ಲಿ ಅದೇ ಕೆಲಸ ಮಾಡುವುದು ಥ್ರಾಂಬೋಸೈಟ್ ಎಂಬ, ಕೋಶಕೇಂದ್ರವುಳ್ಳ ಪೂರ್ಣ ಕೋಶ. ನೂಲುವ ಕದಿರಿನಂತೆ ಎರಡೂ ತುದಿ ಚೂಪಾಗಿರುವುದು ಇದರ ಸಾಮಾನ್ಯ ರೂಪ. ಕೆಲವೊಮ್ಮೆ ದುಂಡಗೂ ಕಾಣಿಸಿಕೊಂಡು ನೋಡುವವರನ್ನು ಗೊಂದಲಕ್ಕೀಡು ಮಾಡುತ್ತದೆ. ಮೀನಿನ ರಕ್ತ ಬಹುಬೇಗ ಹೆಪ್ಪುಗಟ್ಟುವುದರಿಂದ ಮಾದರಿ ತೆಗೆಯುವವರು ಸಿರಿಂಜಿಗೆ ಮೊದಲೇ ಹೆಪಾರಿನ್‌ನಂತಹ ಹೆಪ್ಪುನಿರೋಧಕ ಸವರಿಕೊಂಡಿರಬೇಕು.

ಬಿಳಿ ರಕ್ತಕಣಗಳ ಬಳಗ ನಮ್ಮಲ್ಲಿರುವಂಥದ್ದೇ, ಪ್ರಮಾಣದಲ್ಲಿ ಮಾತ್ರ ಏರುಪೇರು. ಮನುಷ್ಯನ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳದೇ ಬಹುಮತ. ಬಹುತೇಕ ಮೀನುಗಳಲ್ಲಿ ಬಹುಮತ ಲಿಂಫೋಸೈಟ್‌ಗಳದು. ಇವು ಸಣ್ಣ, ದುಂಡನೆಯ ಕಣಗಳು. ಇಡೀ ಕಣವನ್ನು ಕೋಶಕೇಂದ್ರವೇ ತುಂಬಿಕೊಂಡಿರುತ್ತದೆ, ಸುತ್ತ ತೆಳುವಾದ ನೀಲಿ ಅಂಚು ಮಾತ್ರ ಕಾಣುತ್ತದೆ. ರೋಗಾಣುವಿನ ಗುರುತು ಹಿಡಿದು ಪ್ರತಿಕಾಯ ತಯಾರಿಸುವುದು ಇವುಗಳ ಹೊಣೆ. ಮೀನಿನ ಬಿ ಲಿಂಫೋಸೈಟ್‌ಗಳು ರೋಗಾಣುವನ್ನು ಖುದ್ದಾಗಿ ನುಂಗಿಯೂ ಬಿಡಬಲ್ಲವು ಎಂಬ ಸಂಗತಿ 2006ರಲ್ಲಿ ಬೆಳಕಿಗೆ ಬಂದಾಗ ರೋಗನಿರೋಧ ಶಾಸ್ತ್ರದವರು ಅಚ್ಚರಿಪಟ್ಟರು. ನುಂಗುವ ಕೆಲಸ ಬೇರೆಯವರದು ಎಂದೇ ಅಲ್ಲಿಯವರೆಗಿನ ಪಠ್ಯಪುಸ್ತಕಗಳು ಹೇಳುತ್ತಿದ್ದವು.

ಆ ಬೇರೆಯವರು ಎಂದರೆ ನ್ಯೂಟ್ರೋಫಿಲ್ ಮತ್ತು ಮಾನೋಸೈಟ್‌ಗಳು. ಸೋಂಕು ತಗುಲಿದ ಜಾಗಕ್ಕೆ ಮೊದಲು ಧಾವಿಸುವುದು ನ್ಯೂಟ್ರೋಫಿಲ್. ಮಾನೋಸೈಟ್ ಗಾತ್ರದಲ್ಲಿ ದೊಡ್ಡದು, ರಕ್ತನಾಳದಿಂದ ಅಂಗಾಂಶಕ್ಕೆ ಇಳಿದು ಅಲ್ಲಿ ಬಿದ್ದ ಕಸ, ಸತ್ತ ಕೋಶ, ರೋಗಾಣುಗಳನ್ನು ತಿಂದು ತೇಗುತ್ತದೆ. ಇಯೋಸಿನೋಫಿಲ್, ಬೇಸೋಫಿಲ್‌ಗಳು ಕೆಲವು ಜಾತಿಗಳಲ್ಲಿ ಕಾಣುತ್ತವೆ, ಕೆಲವದರಲ್ಲಿ ಹುಡುಕಿದರೂ ಸಿಗವು.

ಇಷ್ಟೆಲ್ಲ ಕಣಗಳು ಹುಟ್ಟುವುದೆಲ್ಲಿ? ಮನುಷ್ಯನಲ್ಲಾದರೆ ಮೂಳೆಯೊಳಗಿನ ಮಜ್ಜೆಯಲ್ಲಿ. ಮೀನಿನ ಮೂಳೆಯಲ್ಲಿ ಅಂಥ ಮಜ್ಜೆ ಇಲ್ಲ. ಮೀನು ಹಸನು ಮಾಡುವವರಿಗೆ ಹೊಟ್ಟೆ ಸೀಳಿದಾಗ ಬೆನ್ನೆಲುಬಿಗೆ ಅಂಟಿಕೊಂಡ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತವೆಂದು ಭಾವಿಸಿ ಉಗುರಿನಿಂದ ಕೆರೆದು ತೊಳೆಯುವುದು ವಾಡಿಕೆ. ಅದು ರಕ್ತವಲ್ಲ, ಮೀನಿನ ಮೂತ್ರಪಿಂಡ. ಅದರ ತಲೆಯ ಕಡೆಯ ಭಾಗವೇ ಮೀನಿನ ಪಾಲಿಗೆ ರಕ್ತಕಣಗಳ ಕಾರ್ಖಾನೆ. ಗುಲ್ಮ, ಥೈಮಸ್ ಗ್ರಂಥಿಗಳೂ ಇದರಲ್ಲಿ ಪಾಲುದಾರರು. ಗುಲ್ಮ ಕೆಂಪು ಕಣಗಳ ಉಗ್ರಾಣವೂ ಹೌದು.

ಪಲ್ಪರ್ ನೀರು ಸೇರಿದಾಗ

ತಿಳಿಯಾದ ಬೆಟ್ಟದ ತೊರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8ರಿಂದ 9 ಮಿಲಿಗ್ರಾಂ. ಹೆಚ್ಚಿನ ಮೀನುಗಳಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. 2ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೆ ಸಂಚಕಾರ. ಇತ್ತ ಕಾಫಿ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ಮುಂತಾದ ಕೊಳೆಯುವ ಪದಾರ್ಥಗಳು ಹೇರಳ. ಅವುಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. ನದಿ, ಕೆರೆಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಈ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ಜೊತೆಗೆ ಹುಳಿತ ನೀರು ಆಮ್ಲೀಯವೂ ಆಗಿರುತ್ತದೆ.

ಆಮ್ಲಜನಕ ಕುಸಿದಾಗ ಮೀನು ಮೊದಲು ಮಾಡುವ ಕೆಲಸ ಉಗ್ರಾಣದ ಬಾಗಿಲು ತೆರೆಯುವುದು. ಗುಲ್ಮ ಸಂಕುಚಿಸಿ ದಾಸ್ತಾನಿನ ಕೆಂಪು ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ಗಂಟೆಯೊಳಗೆ ಕಣಗಳ ಎಣಿಕೆ ಏರುತ್ತದೆ. ಕೊರತೆ ದಿನಗಟ್ಟಲೆ ಮುಂದುವರಿದರೆ ಕಾರ್ಖಾನೆ ಹೊಸ ಕಣಗಳನ್ನು ತಯಾರಿಸತೊಡಗುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯಾಕಾರದ ಬಲಿತ ಕಣಗಳ ನಡುವೆ ಇನ್ನೂ ದುಂಡಗಿರುವ, ನೀಲಿ ಛಾಯೆಯ ಎಳೆಯ ಕಣಗಳು ಹೆಚ್ಚಾಗಿ ಕಾಣುತ್ತವೆ. ಹೊಳೆಯ ನೀರು ಈ ದಿನ ತಿಳಿಯಾಗಿದ್ದರೂ ಹಿಂದಿನ ವಾರ ಹಾಗಿರಲಿಲ್ಲ ಎನ್ನಲು ಇದೊಂದು ಸುಳಿವು.

ಬಿಳಿ ಕಣಗಳ ಲೆಕ್ಕವೂ ತಲೆಕೆಳಗಾಗುತ್ತದೆ. ಒತ್ತಡಕ್ಕೆ ಸಿಲುಕಿದ ಮೀನಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ, ರಕ್ತದಲ್ಲಿ ಲಿಂಫೋಸೈಟ್‌ಗಳು ಇಳಿಯುತ್ತವೆ, ನ್ಯೂಟ್ರೋಫಿಲ್‌ಗಳು ಏರುತ್ತವೆ. ಕಾವಲಿನವರು ಕಡಿಮೆಯಾದ ಹೊತ್ತು ನೋಡಿ ಬೂಷ್ಟು, ಬ್ಯಾಕ್ಟೀರಿಯಾಗಳು ಮೇಲೇಳುತ್ತವೆ. ಪಲ್ಪಿಂಗ್ ಮುಗಿದು ನೀರು ತಿಳಿಯಾದ ಮೇಲೂ ಮೀನುಗಳು ಹುಣ್ಣಾಗಿ ಸಾಯುವುದುಂಟು. ಆಗ ಎಲ್ಲರೂ ರೋಗವನ್ನು ದೂರುತ್ತಾರೆ, ರೋಗಕ್ಕೆ ದಾರಿ ಮಾಡಿಕೊಟ್ಟದ್ದು ನೆನಪಾಗುವುದಿಲ್ಲ.

ತ್ಯಾಜ್ಯ ಕೊಳೆತಾಗ, ಗೊಬ್ಬರ ತೊಳೆದು ಬಂದಾಗ ನೀರಿನಲ್ಲಿ ನೈಟ್ರೈಟ್ ಸೇರುವುದು ಇನ್ನೊಂದು ಬಗೆಯ ಅಪಾಯ. ಅದು ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ಬದಲಿಸಿಬಿಡುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ತೋಟದ ಕೆರೆಗಳಲ್ಲಿ, ಕೃಷಿಹೊಂಡಗಳಲ್ಲಿ ಮೀನು ಸಾಕಿದವರು ಕಿವಿರು ಎತ್ತಿ ನೋಡಿದಾಗ ಕೆಂಪಿನ ಬದಲು ಕಂದು ಕಂಡರೆ ಇದನ್ನು ಶಂಕಿಸಬಹುದು. ಇದಕ್ಕೆ ಸೂಕ್ಷ್ಮದರ್ಶಕವೂ ಬೇಡ. ಹೊಂಡದ ನೀರಿಗೆ ಹದವಾಗಿ ಉಪ್ಪು ಸೇರಿಸುವುದು ಇದಕ್ಕಿರುವ ಪರಿಹಾರ. ಉಪ್ಪಿನ ಕ್ಲೋರೈಡ್ ಅಂಶ ಕಿವಿರಿನಲ್ಲಿ ನೈಟ್ರೈಟ್‌ನ ದಾರಿಯನ್ನು ಅಡ್ಡಗಟ್ಟುತ್ತದೆ.

ಮುಂಗಾರಿನ ಹೊಸ್ತಿಲಲ್ಲಿ ಮತ್ತೊಂದು ವಸ್ತು ಹೊಳೆ ಸೇರುವ ಸಾಧ್ಯತೆಯಿದೆ. ಎಲೆ ತುಕ್ಕು ರೋಗ, ಕೊಳೆ ರೋಗಗಳ ತಡೆಗೆ ಕಾಫಿ, ಅಡಿಕೆ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕಿವಿರಿಗೆ ಬಲು ಕೆಟ್ಟದ್ದು, ಅದರಲ್ಲೂ ಮಲೆನಾಡಿನ ತೊರೆಗಳಂತಹ ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ವಿಷ ಹೆಚ್ಚು ಕೆಲಸ ಮಾಡುತ್ತದೆ. ಕಾಯಿಕೊರಕದ ವಿರುದ್ಧ ಹಿಂದೆ ಬಳಕೆಯಲ್ಲಿದ್ದ, ಮೀನುಗಳ ಪಾಲಿಗೆ ಪರಮ ವಿಷವಾಗಿದ್ದ ಎಂಡೋಸಲ್ಫಾನ್ 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಿಷೇಧವಾಗಿದೆ.

ಎಲ್ಲವನ್ನೂ ಕಾಫಿ ಬೆಳೆಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ತ್ಯಾಜ್ಯ ನೀರಿಗೆ ಹೊಂಡ ತೋಡಿ, ಸುಣ್ಣ ಹಾಕಿ ಸಂಸ್ಕರಿಸುವ, ಕಡಿಮೆ ನೀರು ಬಳಸುವ ಪಲ್ಪರ್ ಕೊಂಡಿರುವ ತೋಟಗಳು ಈ ಭಾಗದಲ್ಲಿವೆ. ಪಟ್ಟಣಗಳ ಚರಂಡಿ ನೀರೂ ಇದೇ ಹೊಳೆಗಳಿಗೆ ಇಳಿಯುತ್ತದೆ. ಕಳಸದ ಮೇಲ್ಭಾಗದ ಕುದುರೆಮುಖದಲ್ಲಿ 2005ರ ಡಿಸೆಂಬರ್ 31ಕ್ಕೆ ನಿಂತ ಅದಿರು ಗಣಿಗಾರಿಕೆ ಭದ್ರೆಗೆ ದಶಕಗಳ ಕಾಲ ಹೂಳು ಸುರಿದದ್ದೂ ಮರೆಯುವಂಥದ್ದಲ್ಲ. ಹೂಳು ಕಿವಿರಿನ ಮೇಲೆ ಕೂತರೆ ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ದಕ್ಕದು.

ಪರೀಕ್ಷೆ ಹೇಗೆ?

ಮೀನನ್ನು ಕೊಲ್ಲಬೇಕಾಗಿಲ್ಲ. ಬಾಲದ ಬುಡದಲ್ಲಿ ಬೆನ್ನೆಲುಬಿನ ಕೆಳಗೆ ಹಾಯುವ ರಕ್ತನಾಳಕ್ಕೆ ಸಣ್ಣ ಸೂಜಿ ಚುಚ್ಚಿ ಕೆಲವು ಹನಿ ತೆಗೆದು ಮೀನನ್ನು ಮತ್ತೆ ಹೊಳೆಗೆ ಬಿಡಬಹುದು. ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಮೆಥನಾಲಿನಲ್ಲಿ ಅದ್ದಿ, ಗೀಮ್ಸಾ ಅಥವಾ ಲೀಶ್‌ಮನ್ ಬಣ್ಣ ಹಾಕಿದರೆ ಕೋಶಕೇಂದ್ರ ನೇರಳೆಯಾಗಿ, ಕೆಂಪು ಕಣದ ಉಳಿದ ಭಾಗ ತಿಳಿ ಗುಲಾಬಿಯಾಗಿ ಎದ್ದು ಕಾಣುತ್ತದೆ. ಮಲೇರಿಯಾ ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಬಳಸುವ ಬಣ್ಣಗಳೇ ಇವು.

ಆದರೆ ಆಸ್ಪತ್ರೆಯ ರಕ್ತ ಎಣಿಸುವ ಯಂತ್ರಕ್ಕೆ ಮೀನಿನ ರಕ್ತ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಆ ಯಂತ್ರ ಕೆಂಪು ಕಣವನ್ನು ಒಡೆದು ಮಾಯ ಮಾಡಿ, ಉಳಿದ ಕೋಶಕೇಂದ್ರಗಳನ್ನು ಬಿಳಿ ಕಣವೆಂದು ಎಣಿಸುವಂತೆ ರೂಪುಗೊಂಡಿದೆ. ಮೀನಿನಲ್ಲಿ ಕೆಂಪು ಕಣಕ್ಕೂ ಥ್ರಾಂಬೋಸೈಟ್‌ಗೂ ಕೋಶಕೇಂದ್ರ ಇರುವುದರಿಂದ ಎಲ್ಲವೂ ಬಿಳಿ ಕಣಗಳ ಲೆಕ್ಕಕ್ಕೇ ಜಮೆಯಾಗುತ್ತವೆ. ಹಾಗಾಗಿ ಗೆರೆ ಕೊರೆದ ಗಾಜಿನ ಪಟ್ಟಿಯ ಮೇಲೆ ಕಣ್ಣಿನಿಂದಲೇ ಒಂದೊಂದಾಗಿ ಎಣಿಸಬೇಕು. ದುಂಡಗಿನ ಥ್ರಾಂಬೋಸೈಟನ್ನು ಲಿಂಫೋಸೈಟ್ ಎಂದು ಬರೆದುಕೊಂಡರೆ ವರದಿಯೇ ಹಾಳು. ಈ ಕೆಲಸಕ್ಕೆ ಪಳಗಿದ ಕಣ್ಣು ಬೇಕು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಘಟ್ಟ ಇಳಿದರೆ ಸಿಗುತ್ತದೆ. ಪ್ರಾಣಿಶಾಸ್ತ್ರ ವಿಭಾಗಗಳಿರುವ ಕಾಲೇಜುಗಳಲ್ಲೂ ಸೂಕ್ಷ್ಮದರ್ಶಕಕ್ಕೆ ಬರವಿಲ್ಲ.

ಕೋಶಕೇಂದ್ರದಿಂದ ಒಂದು ಅನುಕೂಲವೂ ಇದೆ. ವರ್ಣತಂತುಗಳಿಗೆ ಪೆಟ್ಟು ಕೊಡುವ ವಿಷ ನೀರಿನಲ್ಲಿದ್ದರೆ, ಮೀನಿನ ಕೆಂಪು ಕಣದಲ್ಲಿ ಮುಖ್ಯ ಕೋಶಕೇಂದ್ರದ ಪಕ್ಕದಲ್ಲಿ ಪುಟ್ಟ ಚುಕ್ಕೆಯೊಂದು ಕಾಣಿಸಿಕೊಳ್ಳುತ್ತದೆ. ಕೋಶ ವಿಭಜನೆಯ ಸಮಯದಲ್ಲಿ ತುಂಡಾಗಿ ಹಿಂದುಳಿದ ವರ್ಣತಂತುವಿನ ಚೂರು ಅದು. ಸಾವಿರ ಕಣಗಳಲ್ಲಿ ಇಂಥವು ಎಷ್ಟಿವೆ ಎಂದು ಎಣಿಸಿ ನೀರಿನ ದೀರ್ಘಕಾಲದ ಗುಣಮಟ್ಟವನ್ನು ಅಳೆಯುವ ಪದ್ಧತಿ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ.

ಮೀನಿನ ರಕ್ತದ ಸಾಕ್ಷ್ಯಕ್ಕೆ ಮಿತಿಗಳೂ ಇವೆ. ಗಾಳದಲ್ಲಿ ಸಿಕ್ಕು ಒದ್ದಾಡಿದ ಮೀನಿನಲ್ಲೂ ಗುಲ್ಮ ಸಂಕುಚಿಸಿ ಕೆಂಪು ಕಣಗಳು ಏರುತ್ತವೆ. ಹಿಡಿದ ಕೆಲವೇ ನಿಮಿಷಗಳಲ್ಲಿ ರಕ್ತ ತೆಗೆಯದಿದ್ದರೆ ಅದು ಹೊಳೆಯ ಕಥೆಯೋ ಗಾಳದ ಕಥೆಯೋ ತಿಳಿಯುವುದಿಲ್ಲ. ಋತು, ನೀರಿನ ಉಷ್ಣಾಂಶ, ಮೀನಿನ ವಯಸ್ಸು, ಮೊಟ್ಟೆಯಿಡುವ ಕಾಲ ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಯಾವ ತೋಟದ ನೀರು, ಯಾವ ಊರಿನ ಚರಂಡಿ ಎಂದು ರಕ್ತಕಣ ಬೆರಳು ಮಾಡಿ ತೋರಿಸದು. ಅದಕ್ಕೆ ನೀರಿನ ಪರೀಕ್ಷೆಯೇ ಆಗಬೇಕು. ಮೀನಿನ ರಕ್ತ ಹೇಳುವುದು ಎಲ್ಲಿ, ಯಾವಾಗ ನೀರಿನ ಬಾಟಲಿ ಹಿಡಿದು ಹೋಗಬೇಕು ಎಂಬುದನ್ನು.

ಎಲ್ಲಕ್ಕಿಂತ ಮುಖ್ಯವಾಗಿ, ಹೋಲಿಸಿ ನೋಡಲು ಆರೋಗ್ಯವಂತ ಮೀನಿನ ಲೆಕ್ಕ ಕೈಯಲ್ಲಿರಬೇಕು. ಸಾಕಣೆಯ ಕಟ್ಲ, ರೋಹು, ಗೆಂಡೆಗಳ ರಕ್ತದ ಬಗ್ಗೆ ಪುಸ್ತಕಗಳಲ್ಲಿ ಸಾಕಷ್ಟು ಮಾಹಿತಿ ಸಿಗುತ್ತದೆ. ಅದನ್ನು ಬೆಟ್ಟದ ತೊರೆಯ ಮೀನುಗಳಿಗೆ ಹಾಗೆಯೇ ಅನ್ವಯಿಸಲಾಗದು. ಶೃಂಗೇರಿಯ ತುಂಗಾ ತೀರದಲ್ಲಿ ಭಕ್ತರು ಹಾಕುವ ಮಂಡಕ್ಕಿಗೆ ಮುಗಿಬೀಳುವ ಮಹಶೀರ್‌ಗಳ ಸಾಮಾನ್ಯ ಎಣಿಕೆಯೇ ಬೇರೆ, ಜಾವಳಿಯ ಬಳಿ ಹುಟ್ಟಿ ಮೂಡಿಗೆರೆ ಸೀಮೆಯನ್ನು ಹಾಯುವ ಹೇಮಾವತಿಯ ಚಿಕ್ಕ ಮೀನುಗಳದೇ ಬೇರೆ.

ಈ ಲೆಕ್ಕ ಬರೆದಿಡಲು ಪ್ರಶಸ್ತವಾದ ಸಮಯ ಮಳೆ ನಿಂತು ಪಲ್ಪಿಂಗ್ ಇನ್ನೂ ಆರಂಭವಾಗದ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳು. ಅದೇ ಮಡುವಿನಲ್ಲಿ, ಅದೇ ಜಾತಿಯ, ಅದೇ ಗಾತ್ರದ ಮೀನುಗಳಿಂದ ಫೆಬ್ರವರಿಯಲ್ಲಿ ಮತ್ತೊಮ್ಮೆ ಮಾದರಿ ತೆಗೆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಬಣ್ಣ ಹಾಕಿ ಗಾಜು ಮುಚ್ಚಿದ ಸ್ಲೈಡುಗಳು ಬಿಸಿಲು, ತೇವ ತಾಗದಂತೆ ಪೆಟ್ಟಿಗೆಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.